ಕೂಗಿದವನು ಕಾಯಬೇಕು

ಅಕ್ಟೋಬರ್ 12

ಸೈರನ್ ಚಿಕ್ಕಪ್ಪನಿಗೆ,

ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮನೆಗೆ ಹೋದರೆ ಬೀಗ. ಮಗಳ ಊರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಈ ವಿಳಾಸ ಕೊಟ್ಟದ್ದು ನಿಮ್ಮ ನಿವೃತ್ತರ ಗುಂಪಿನ ಕಾರ್ಯದರ್ಶಿ. ಫೋನ್ ಎತ್ತದವರು ಪತ್ರವನ್ನಾದರೂ ಒಡೆದು ಓದುತ್ತೀರೇನೋ ಎಂದು ಬರೆಯುತ್ತಿದ್ದೇನೆ.

ಅಪ್ಪನಿಗೆ ಸೊಂಟದ ಆಪರೇಷನ್ ಆಗಿ ಒಂಬತ್ತು ದಿನವಾಯಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ತುಟಿ ಇನ್ನೂ ಸಿಪ್ಪೆ ಏಳುತ್ತಿದೆ. ಒಂದು ಹಗಲು ಒಂದು ರಾತ್ರಿ ಆ ಹುಲ್ಲುಗಾವಲಿನಲ್ಲಿ ಬಿದ್ದಿದ್ದ ಮನುಷ್ಯ ಉಳಿದದ್ದೇ ಹೆಚ್ಚು ಎಂದು ಡಾಕ್ಟರು ದಿನಕ್ಕೆರಡು ಸಲ ಹೇಳುತ್ತಾರೆ. ಆ ‘ಹೆಚ್ಚು’ ಎನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತೆರಡು ಜನ ಹೋಗಿ ನಾಲ್ಕು ದಿನ ಟೆಂಟು ಹಾಕಿ, ಹಾಡಿ, ಇಸ್ಪೀಟಾಡಿ, ಇಪ್ಪತ್ತೊಂದು ಜನ ವಾಪಸು ಬಂದಿರಿ. ಅದರಲ್ಲಿ ಹೆಚ್ಚೇನಿದೆ?

ನನಗೆ ಬೇಕಾದದ್ದು ಒಂದೇ ಉತ್ತರ. ‘ಹದಿನೇಳು’ ಎಂದು ಕೂಗಿದವರು ಯಾರು?

ನಿಮ್ಮ ಎಣಿಕೆಯ ಪದ್ಧತಿ ನನಗೆ ಗೊತ್ತಿಲ್ಲ ಎನ್ನಬೇಡಿ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದೇನೆ. ಗಾಜಿನ ಕಾರ್ಖಾನೆಯಲ್ಲಿ ಹಾಜರಿ ಕೂಗಿದ ಹಾಗೆಯೇ ಬಸ್ಸು ಹತ್ತುವ ಮುಂಚೆ ಒಬ್ಬೊಬ್ಬರೂ ತಮ್ಮ ನಂಬರು ಕೂಗುತ್ತೀರಿ. ಅಪ್ಪನದು ಹದಿನೇಳು, ನಿಮ್ಮದು ಹದಿನೆಂಟು, ಕುಲುಮೆಯಲ್ಲಿ ನೀವಿಬ್ಬರೂ ಜೋಡಿ. ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಆ ಚಟ ಬಿಟ್ಟಿಲ್ಲ. ಆ ದಿನವೂ ಕಾರ್ಯದರ್ಶಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಣಿಸಿದರಂತೆ. ನಾನು ಇಪ್ಪತ್ತು ಜನರನ್ನೂ ಒಬ್ಬೊಬ್ಬರಾಗಿ ಕೇಳಿದ್ದೇನೆ. ಇಪ್ಪತ್ತು ಜನರೂ ಒಂದೇ ಮಾತು: ಹದಿನೇಳು ಕೇಳಿಸಿತು, ಅಪ್ಪ ಬಸ್ಸಿನಲ್ಲಿದ್ದ. ಎಲ್ಲಿ ಕೂತಿದ್ದರು ಎಂದರೆ ಯಾರಿಗೂ ಗೊತ್ತಿಲ್ಲ.

ಆ ಒಂದು ಕೂಗಿನಿಂದ ಏನಾಯಿತು ಎನ್ನುವುದು ನಿಮಗೆ ಗೊತ್ತು, ನೀವೂ ಜೊತೆಗಿದ್ದಿರಿ. ನಾನು ಕನ್ನಡಕದ ಅಂಗಡಿಯಿಂದ ಕೆಲಸ ಮುಗಿಸಿ ಏಳಕ್ಕೆ ಮನೆಗೆ ಬಂದಾಗ ಅಪ್ಪನ ಚೀಲ ಬಾಗಿಲಲ್ಲಿತ್ತು. ಬಂದಿದ್ದಾರೆ, ಕ್ಷೌರಕ್ಕೋ ಏನೋ ಹೋಗಿರಬೇಕು ಎಂದುಕೊಂಡೆ. ಒಂಬತ್ತರವರೆಗೆ ಕಾದೆ. ಆಮೇಲೆ ಪೊಲೀಸರಿಗೂ ಅದನ್ನೇ ಹೇಳಿದೆ, ಊರಿಗೆ ಬಂದಿದ್ದಾರೆ, ಊರಲ್ಲೇ ಕಾಣೆಯಾಗಿದ್ದಾರೆ ಎಂದು. ಬೆಳಗಿನವರೆಗೆ ನಾವೆಲ್ಲ ಊರಿನ ಬೀದಿ ಬೀದಿ ಸುತ್ತಿದೆವು. ಅಪ್ಪ ನಾಲ್ಕು ಗಂಟೆ ದಾರಿ ಆಚೆ, ಹುಲ್ಲಿನ ನಡುವಿನ ಒಣ ಕಾಲುವೆಯಲ್ಲಿ ಬಿದ್ದಿದ್ದರು. ನೀರಿನ ಟ್ಯಾಂಕು ತೊಳೆದು ಮುಚ್ಚಲು ಶಿಬಿರದ ಕಾವಲುಗಾರ್ತಿ ಮಾರನೇ ದಿನ ಬರದೇ ಹೋಗಿದ್ದರೆ ಅಲ್ಲೇ ಇರುತ್ತಿದ್ದರು. ನೀವು ಆ ಸಲದ ಕೊನೆಯ ಗುಂಪು. ಇನ್ನು ಆರು ತಿಂಗಳು ಅಲ್ಲಿಗೆ ಯಾರೂ ಹೋಗುವವರಿರಲಿಲ್ಲ.

ಅಪ್ಪನನ್ನು ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ನಿಮ್ಮ ಪಕ್ಕದ ನಂಬರು, ನಿಮ್ಮ ಕಿವಿಯ ಬುಡದಲ್ಲೇ ಯಾರೋ ಕೂಗಿರಬೇಕು. ದನಿ ಯಾರದೆಂದು ನಿಮಗೆ ಗೊತ್ತಾಗದೆ ಇರುತ್ತದೆಯೇ? ಚೀಲ ತಂದಿಟ್ಟವರು ಯಾರು ಎನ್ನುವುದನ್ನೂ ಬರೆಯಿರಿ.

ಇತಿ,
ನಿಮ್ಮ ಜೋಡಿಯ ಮಗಳು


ಅಕ್ಟೋಬರ್ 26

ಮಗಳೇ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ. ಮೊಣಕಾಲಿನ ನೋವು ಜೋರಾಗಿ ಇಲ್ಲಿಗೆ ಬಂದೆ. ಮಗಳು ಫೋನ್ ಒಳಗಿನ ಕೋಣೆಯಲ್ಲಿ ಇಟ್ಟುಬಿಡುತ್ತಾಳೆ, ಸದ್ದು ಕೇಳುವುದಿಲ್ಲ. ಬೇರೆ ಏನೂ ಅಂದುಕೊಳ್ಳಬೇಡ.

ಈ ಸಲದ ಶಿಬಿರ ಎಷ್ಟು ಚೆನ್ನಾಗಿತ್ತು ಎಂದು ನಿನ್ನ ಅಪ್ಪ ಹೇಳಲಿಲ್ಲವೇ? ಹುಲ್ಲು ಎದೆಮಟ್ಟ ಬೆಳೆದಿತ್ತು. ಒಂದು ಮರವಿಲ್ಲ, ಒಂದು ಗುಡ್ಡವಿಲ್ಲ, ಕಣ್ಣು ಹಾಯಿಸಿದಷ್ಟೂ ಹುಲ್ಲು, ಮೇಲೆ ಆಕಾಶ. ನಮ್ಮಂಥ ಕುಲುಮೆಯವರಿಗೆ ಗಾಳಿ ಅಂದರೆ ಏನೆಂದು ಅಲ್ಲಿ ಗೊತ್ತಾಗಬೇಕು. ಮೊದಲ ದಿನ ಟೆಂಟು ಹಾಕುವಾಗ ಗಾಳಿಗೆ ಬಟ್ಟೆ ಹಾರಿ ಕಾರ್ಯದರ್ಶಿಯ ತಲೆಗೆ ಸುತ್ತಿಕೊಂಡಿತು, ನಿನ್ನ ಅಪ್ಪ ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟ. ಅವನು ಹಾಗೆ ನಕ್ಕದ್ದು ನೋಡಿ ವರ್ಷಗಳಾಗಿದ್ದವು.

ನೀನು ಕೇಳಿದ್ದಕ್ಕೆ ಏನು ಹೇಳಲಿ? ಹೊರಡುವ ಹೊತ್ತು ಗಾಳಿ ಹೊಯ್ಯುತ್ತಿತ್ತು, ಬಸ್ಸಿನ ಇಂಜಿನ್ನು ಬೇರೆ. ಯಾರ ದನಿ ಯಾರದೆಂದು ಯಾರಿಗೆ ಗೊತ್ತಾಗುತ್ತದೆ? ಎಲ್ಲರೂ ವಯಸ್ಸಾದವರು, ಎಲ್ಲರೂ ಅವನ ಹಿತ ಬಯಸುವವರೇ. ಆದದ್ದು ಆಗಿಹೋಯಿತು. ಕೆಸರಿಗೆ ಕಲ್ಲು ಹಾಕಿದರೆ ನಮ್ಮ ಮುಖಕ್ಕೇ ಸಿಡಿಯುತ್ತದೆ ತಾಯಿ. ಈಗ ಅವನನ್ನು ಎಬ್ಬಿಸಿ ನಡೆಸುವುದು ಮುಖ್ಯ. ದಿಂಬು ಮೆತ್ತಗಿರಲಿ. ಬಿಸಿನೀರಿನ ಶಾಖ ಕೊಡಿಸು. ಕನ್ನಡಕದ ಗಾಜು ಒಡೆದಿಲ್ಲ ತಾನೇ? ಟವೆಲಿನಲ್ಲಿ ಸುತ್ತಿದ್ದರಿಂದ ಏನೂ ಆಗಿರಲಾರದು. ಓದಲು ಏನಾದರೂ ಕೊಡು, ಹೊತ್ತು ಹೋಗುತ್ತದೆ.

ಅವನಿಗೆ ನಾನು ಕೇಳಿದೆನೆಂದು ಹೇಳು.

ಆಶೀರ್ವಾದಗಳೊಂದಿಗೆ,
ಸೈರನ್ ಚಿಕ್ಕಪ್ಪ


ನವೆಂಬರ್ 2

ಚಿಕ್ಕಪ್ಪ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ನಿಮ್ಮನ್ನು ಕಳ್ಳ ಎಂದೂ ಅಂದಿರಲಿಲ್ಲ.

ಕನ್ನಡಕ ಟವೆಲಿನಲ್ಲಿ ಸುತ್ತಿತ್ತು ಎಂದು ನಿಮಗೆ ಯಾರು ಹೇಳಿದರು? ಆ ಚೀಲ ಬಿಚ್ಚಿದವಳು ನಾನು. ನಡುರಾತ್ರಿ ಪೊಲೀಸರಿಗೆ ಅಪ್ಪನ ಫೋಟೋ ಹುಡುಕಲು ಬಿಚ್ಚಿದೆ. ಒದ್ದೆ ಟವೆಲ್ ಒಳಗೆ ಕನ್ನಡಕ ಸಿಕ್ಕಿತು. ಅದನ್ನು ನಾನು ಯಾರಿಗೂ ಹೇಳಿಲ್ಲ. ಅದು ನನ್ನ ಕೈಯಿಂದಲೇ ಉಜ್ಜಿ ಕೂರಿಸಿದ ಗಾಜು. ಅದಿಲ್ಲದೆ ಅಪ್ಪನಿಗೆ ನಾಲ್ಕು ಹೆಜ್ಜೆ ಆಚೆ ನಿಂತವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹತ್ತು ಹೆಜ್ಜೆ ಆಚೆ ಬಸ್ಸು ನಿಂತಿದೆಯೋ ಮನೆ ನಿಂತಿದೆಯೋ ತಿಳಿಯುವುದಿಲ್ಲ. ಅಂಥ ಕಣ್ಣಿನವರನ್ನು, ಕನ್ನಡಕ ಕಿತ್ತುಕೊಂಡು, ಎದೆಮಟ್ಟ ಹುಲ್ಲಿನಲ್ಲಿ ಬಿಟ್ಟು ಬಂದಿರಿ. ಗಾಳಿ ಬಹಳ ಚೆನ್ನಾಗಿತ್ತು ಅಂತ ಬರೆಯುತ್ತೀರಿ.

ಚೀಲ ತಂದಿಟ್ಟವರು ನೀವು. ಬೆಲ್ ಕೂಡ ಒತ್ತಲಿಲ್ಲ. ಆ ದಿನ ನನಗೆ ರಜೆ ಇರಬಹುದು, ನಾನು ಒಳಗಿರಬಹುದು, ಬಾಗಿಲು ತೆಗೆದು ಅಪ್ಪ ಎಲ್ಲಿ ಎಂದು ಕೇಳಬಹುದು ಎಂದು ಹೆದರಿದಿರಿ. ಹಾಗಾದರೆ ಅಪ್ಪ ಬಂದಿಲ್ಲ ಎನ್ನುವುದು ಮಧ್ಯಾಹ್ನವೇ ನಿಮಗೆ ಗೊತ್ತಿತ್ತು.

ಈ ಒಂದು ವಿಷಯ ನೆನೆದರೆ ನನ್ನ ಹಲ್ಲು ಕಟಕಟ ಎನ್ನುತ್ತದೆ. ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಟಾರ್ಚು ಹಿಡಿದು ನಡೆದಿರಲ್ಲ. ಕ್ಷೌರದಂಗಡಿಯವನನ್ನು ಎಬ್ಬಿಸಿ ಕೇಳಿದವರು ನೀವು. ಆಸ್ಪತ್ರೆಯ ಬೆಂಚುಗಳ ಮೇಲೆ ಮಲಗಿದ್ದವರ ಮುಖಕ್ಕೆ ಟಾರ್ಚು ಬಿಟ್ಟು ನೋಡಿದವರು ನೀವು. ನಾನು ಅತ್ತಾಗ ಬೆನ್ನು ತಟ್ಟಿ, ‘ಸಿಕ್ಕೇ ಸಿಗ್ತಾನೆ, ಎಲ್ಲಿಗೆ ಹೋಗ್ತಾನೆ’ ಎಂದವರು ನೀವು. ಎಲ್ಲಿಗೆ ಹೋಗಿದ್ದಾರೆ ಎಂದು ಗೊತ್ತಿದ್ದವರು ಇಡೀ ಊರಿನಲ್ಲಿ ನೀವೊಬ್ಬರೇ.

ಕಾವಲುಗಾರ್ತಿ ಹೇಳಿದಳು, ಅಪ್ಪನ ಬಾಯಿಯಲ್ಲಿ ಹುಲ್ಲಿನ ದಂಟು ಇತ್ತಂತೆ. ಬಾಯಾರಿಕೆಗೆ ಅಗಿದದ್ದು.

ಕೂಗಿದವರೂ ನೀವೇ ಅಲ್ಲವೇ? ಹೌದು ಅಥವಾ ಇಲ್ಲ, ಒಂದು ಮಾತು ಬರೆಯಿರಿ. ದಿಂಬಿನ ವಿಷಯ ಬೇಡ.

ಇತಿ,
ಅವರ ಮಗಳು


ನವೆಂಬರ್ 30

ಚಿಕ್ಕಪ್ಪ,

ನಾಲ್ಕು ವಾರವಾಯಿತು. ಪತ್ರ ತಲುಪಿದೆ ಎನ್ನುವುದಕ್ಕೆ ನನ್ನ ಹತ್ತಿರ ಅಂಚೆಯ ರಸೀದಿ ಇದೆ.

ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಕಳೆದ ಭಾನುವಾರ ನಿಮ್ಮ ಗುಂಪು ಸಭೆ ಸೇರಿತ್ತು. ಮಾರನೇ ದಿನ ಕಾರ್ಯದರ್ಶಿಯೂ ಇನ್ನಿಬ್ಬರೂ ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಅಪ್ಪ ಈಗ ಊರುಗೋಲು ಹಿಡಿದು ಕೋಣೆಯಿಂದ ಅಡುಗೆಮನೆಯವರೆಗೆ ಬರುತ್ತಾರೆ. ಅವರು ಅಪ್ಪನ ಎದುರಿಗೆ ಹವೆಯ ಮಾತು, ಔಷಧಿಯ ಮಾತು ಆಡಿದರು. ಹೊರಗೆ ಬಂದ ಮೇಲೆ ಕಾರ್ಯದರ್ಶಿ ಚಪ್ಪಲಿ ಹಾಕಿಕೊಳ್ಳುತ್ತಾ ನನಗೆ ವಿಷಯ ಹೇಳಿದರು. ನೆನಪು ಕೈಕೊಡುತ್ತಿರುವವರನ್ನು ಇನ್ನು ಶಿಬಿರಕ್ಕೆ ಕರೆದುಕೊಂಡು ಹೋಗಬಾರದು ಎಂದು ತೀರ್ಮಾನವಾಗಿದೆಯಂತೆ. ಪಟ್ಟಿಯಿಂದ ಅಪ್ಪನ ಹೆಸರು ತೆಗೆದಿದ್ದಾರೆ. ತಿಂಗಳ ಸಭೆಗೂ ಕಷ್ಟಪಟ್ಟು ಬರುವುದು ಬೇಡ ಎಂದರು.

ಅಪ್ಪನ ನೆನಪಿಗೆ ಏನಾಗಿದೆ ಎಂದು ಕೇಳಿದೆ. ಅವರು ಹೇಳಿದ ಮಾತು ಹೇಳಿದ ಹಾಗೇ ಬರೆಯುತ್ತೇನೆ. ‘ನಂಬರು ಕೂಗಿ ಬಸ್ ಹತ್ತದೇ ಹೋದವನಿಗೆ ಏನಂತಾರಮ್ಮ? ನಾವು ಎಣಿಸಿದೀವಿ, ಅವನು ಕೂಗಿದಾನೆ. ಆಮೇಲೆ ಯಾಕೆ ಹುಲ್ಲೊಳಗೆ ನಡ್ಕೊಂಡು ಹೋದ ಅಂತ ಅವನಿಗೇ ಗೊತ್ತಿಲ್ಲ. ಸಿಕ್ಕಾಗಲೂ ಏನೇನೋ ಬಡಬಡಿಸ್ತಿದ್ನಂತೆ. ಅರವತ್ತಕ್ಕೆ ಅರಳುಮರುಳು ಅಂತ ಸುಮ್ನೆ ಅಂತಾರಾ?’

ಈಗ ಊರಿಗೆಲ್ಲ ಅದೇ ಮಾತು. ಔಷಧಿ ಅಂಗಡಿಯವನು ಅಪ್ಪನ ಮಾತ್ರೆಯನ್ನು ಅಪ್ಪನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು, ಎಷ್ಟು ಹೊತ್ತಿಗೆ ಎಂದು ನನಗೆ ಹೇಳುತ್ತಾನೆ. ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ. ಎದುರು ಮನೆಯ ಹೆಂಗಸು ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಮಗುವಿಗೆ ಹೇಳಿದ ಹಾಗೆ ಅವರನ್ನು ಮಾತಾಡಿಸುತ್ತಾಳೆ. ಮೂವತ್ತನಾಲ್ಕು ವರ್ಷ ಕುಲುಮೆಯ ಬಾಯಿಯಲ್ಲಿ ನಿಂತು ಒಂದು ಸೀಸೆ ಓರೆ ಬಾರದಂತೆ ತೆಗೆದ ಮನುಷ್ಯ ಅವರು. ಮುರಿದ ಸೊಂಟ ಕೂಡುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಈ ಹೆಸರು ಅಂಟಿಕೊಂಡರೆ ಸಾಯುವವರೆಗೂ ಹೋಗುವುದಿಲ್ಲ. ಅಪ್ಪ ಕೂಗಲೇ ಇಲ್ಲ ಎನ್ನುವುದು ನಿಮಗೆ ಗೊತ್ತು. ನೀವು ಬಾಯಿ ಬಿಟ್ಟರೆ ಆ ಹೆಸರು ಒಂದು ದಿನದಲ್ಲಿ ಅಳಿಸಿಹೋಗುತ್ತದೆ.

ಉತ್ತರ ಬಾರದಿದ್ದರೆ ರಜೆ ಹಾಕಿ ನಿಮ್ಮ ಮಗಳ ಮನೆ ಬಾಗಿಲಿಗೇ ಬರುತ್ತೇನೆ. ನಾನು ಬೆಲ್ ಒತ್ತುತ್ತೇನೆ.

ಇತಿ,
ಹದಿನೇಳರ ಮಗಳು


ಡಿಸೆಂಬರ್ 11

ಮಗಳೇ,

ಹೌದು. ನಾನೇ.

ದಯವಿಟ್ಟು ಇಲ್ಲಿಗೆ ಬರಬೇಡ. ಎಲ್ಲ ಬರೆಯುತ್ತೇನೆ.

ಕುಲುಮೆಯಲ್ಲಿ ನಮ್ಮದು ಜೋಡಿ ಕೆಲಸ. ಒಬ್ಬ ಬೆಂಕಿಯ ಬಾಯಿಂದ ಗಾಜು ತೆಗೆದರೆ ಇನ್ನೊಬ್ಬ ಅಚ್ಚು ಹಿಡಿಯಬೇಕು. ಒಬ್ಬ ತಡವಾಗಿ ಬಂದರೆ, ಹೊಟ್ಟೆ ಕೆಟ್ಟು ಹೊರಗೆ ಹೋಗಿದ್ದರೆ, ಇನ್ನೊಬ್ಬ ಎರಡು ನಂಬರನ್ನೂ ಕೂಗಿಬಿಡುತ್ತಿದ್ದ. ಮೇಸ್ತ್ರಿಗೂ ಗೊತ್ತಿತ್ತು, ಕೇಳಿಯೂ ಕೇಳದವನ ಹಾಗೆ ಇರುತ್ತಿದ್ದ. ಆದರೆ ಅದಕ್ಕೊಂದು ಕಟ್ಟು ಇತ್ತು. ಕೂಗಿದವನು ಕಾಯಬೇಕು. ಜೋಡಿ ಬಂದು ನಿಲ್ಲುವವರೆಗೆ ಅವನ ಕೆಲಸವನ್ನೂ ತಾನೇ ಮಾಡಬೇಕು, ಜಾಗ ಬಿಟ್ಟು ಕದಲಬಾರದು. ಒಮ್ಮೆ ನಿನ್ನ ಅಪ್ಪ ನನಗಾಗಿ ಅರ್ಧ ಪಾಳಿ ಹಾಗೆ ನಿಂತು ಅಂಗೈ ಸುಟ್ಟುಕೊಂಡಿದ್ದ. ನಾನು ಆ ಹೊತ್ತು ಹೊರಗೆ ನೆರಳಿನಲ್ಲಿ ನಿದ್ದೆ ಹೋಗಿದ್ದೆ. ಒಂದು ಮಾತು ಬೈಯಲಿಲ್ಲ.

ಆ ದಿನ ತಿಂಡಿಯಾದ ಮೇಲೆ ನಾನು ಅವನ ಚೀಲ ಕಟ್ಟುತ್ತಿದ್ದೆ. ಅವನು ಮುಖ ತೊಳೆಯುವಾಗ ಕನ್ನಡಕವನ್ನು ಮೇಜಿನ ಮೇಲೆ ಇಟ್ಟಿದ್ದ. ಮರೆತಾನು, ಬಸ್ಸಿನಲ್ಲಿ ಕೊಟ್ಟರಾಯಿತು ಎಂದು ಸುತ್ತಿ ಒಳಗೆ ಹಾಕಿದೆ. ಶೌಚಾಲಯದ ಮುಂದೆ ಆರು ಜನ ಸಾಲು ನಿಂತಿದ್ದರು. ಅವನು ಕಾಯಲಾರದೆ ಹುಲ್ಲಿನ ಕಡೆ ಹೋದದ್ದನ್ನು ನೋಡಿದೆ. ಅಷ್ಟರಲ್ಲಿ ಕಾರ್ಯದರ್ಶಿ ಎಣಿಸಲು ಶುರು ಮಾಡಿದ. ಹದಿನಾರು ಆಯಿತು. ಒಂದು ಕ್ಷಣ ಯಾರೂ ಕೂಗಲಿಲ್ಲ. ನನ್ನ ಬಾಯಿ ತಾನೇ ತೆರೆಯಿತು ಮಗಳೇ. ಹದಿನೇಳು, ಹದಿನೆಂಟು, ಒಂದೇ ಉಸಿರಿನಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬಸ್ಸು ಹತ್ತಿ ಕೂತೆ. ಎಲ್ಲ ನೂಕುನುಗ್ಗಲು. ಹಿಂದೆ ಇಸ್ಪೀಟಿನವರ ಜೊತೆ ಕೂತಿರಬೇಕು ಎಂದುಕೊಂಡೆ. ಹತ್ತು ನಿಮಿಷ ಕಳೆದು ಎದ್ದು ನೋಡಿದೆ. ಇರಲಿಲ್ಲ.

ಎದ್ದು ನಿಂತವನು ಹಾಗೇ ಬಾಯಿ ಬಿಟ್ಟಿದ್ದರೆ ಬಸ್ಸು ತಿರುಗುತ್ತಿತ್ತು. ಯಾಕೆ ಬಿಡಲಿಲ್ಲ ಎಂದು ನೀನು ಕೇಳುತ್ತೀಯ. ಎರಡನೇ ದಿನ ನಾನು ನಲ್ಲಿ ನಿಲ್ಲಿಸಲು ಮರೆತು, ಟ್ಯಾಂಕಿನ ನೀರೆಲ್ಲ ಹುಲ್ಲಿಗೆ ಹರಿದುಹೋಗಿತ್ತು. ಇಪ್ಪತ್ತೆರಡು ಜನಕ್ಕೆ ಕುಡಿಯಲು ನೀರಿಲ್ಲ. ಎಲ್ಲರ ಮುಂದೆ ಕಾರ್ಯದರ್ಶಿ ನನಗೂ ಅದೇ ಅರಳುಮರುಳಿನ ಗಾದೆ ಹೇಳಿ, ಮುಂದಿನ ವರ್ಷ ನಿನ್ನ ಹೆಸರು ಬರೆಯುವುದು ಕಷ್ಟ ಕಣಯ್ಯ ಎಂದ. ಎಲ್ಲರೂ ನಕ್ಕರು. ನಿನ್ನ ಅಪ್ಪ ನಗಲಿಲ್ಲ. ಕ್ಯಾನು ಹೊತ್ತು ರಸ್ತೆಯವರೆಗೆ ನೀರು ತರಲು ನನ್ನ ಜೊತೆ ಬಂದವನು ಅವನೊಬ್ಬನೇ. ಬಸ್ಸಿನಲ್ಲಿ ಎದ್ದು ನಿಂತಾಗ ಆ ನಗು ನೆನಪಾಯಿತು. ಟೆಂಟು ಹೊತ್ತ ಸಣ್ಣ ಲಾರಿ ನಮಗಿಂತ ಮೊದಲೇ ಹೊರಟಿತ್ತು, ಅದರಲ್ಲಿ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಕೂತುಬಿಟ್ಟೆ. ಊರಿಗೆ ಬಂದು ನೋಡಿದರೆ ಲಾರಿಯಲ್ಲಿ ಟೆಂಟು ಮಾತ್ರ ಇತ್ತು.

ಆಮೇಲೆ ಒಂದೊಂದು ಗಂಟೆ ಕಳೆದ ಹಾಗೂ ಹೇಳುವುದು ಇನ್ನಷ್ಟು ಕಷ್ಟವಾಯಿತು. ರಾತ್ರಿ ಹುಡುಕುವಾಗ ಎಲ್ಲರೂ ಬಸ್ಸಿನಲ್ಲಿ ಇದ್ದ, ಇದ್ದ ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಇದ್ದನೇನೋ ಅನ್ನಿಸಿತು. ನಾನೇ ಕೂಗಿದ ಸುಳ್ಳನ್ನು ನಾನೇ ನಂಬಿದೆ. ನೀನು ನಂಬುವುದಿಲ್ಲ, ಗೊತ್ತು.

ಗುಂಪಿನವರಿಗೆ ಹೇಳಬೇಡ. ಅವನಿಗೆ ನೀನೇ ಹೇಳು. ನನಗೆ ಅವನ ಮುಂದೆ ನಿಲ್ಲುವ ಮುಖವಿಲ್ಲ.

ಪಾಪಿ,
ಸೈರನ್ ಚಿಕ್ಕಪ್ಪ


ಡಿಸೆಂಬರ್ 19

ಹದಿನೆಂಟನೇ ನಂಬರಿನವರಿಗೆ,

ಇನ್ನು ಚಿಕ್ಕಪ್ಪ ಎಂದು ಬರೆಯಲು ನನ್ನ ಪೆನ್ನು ಒಪ್ಪುವುದಿಲ್ಲ.

ನಿಮ್ಮ ಪತ್ರವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಕಲ್ಲಿನ ಪಕ್ಕದಲ್ಲಿ ನಿಂತು ಓದಿದೆ. ಆ ದಿನ ಮೂರು ಗಾಜು ಕೈತಪ್ಪಿ ಒಡೆದೆ. ಮಾಲೀಕರು ಮನೆಗೆ ಹೋಗು ಎಂದರು.

ಬಾಯಿ ತಪ್ಪಿ ಕೂಗಿದಿರಿ, ಇರಲಿ. ಮೂವತ್ತು ವರ್ಷದ ರೂಢಿ, ಯಾರ ಬಾಯಿಗಾದರೂ ಬಂದೀತು. ಹತ್ತು ನಿಮಿಷದ ಮೇಲೆ ಎದ್ದು ನಿಂತವರು ಮತ್ತೆ ಕೂತಿರಲ್ಲ, ಅದಕ್ಕೆ ನಾನು ನಿಮ್ಮನ್ನು ಈ ಜನ್ಮದಲ್ಲಿ ಬಿಡುವುದಿಲ್ಲ. ನಾಲ್ಕು ಜನ ನಗುತ್ತಾರೆಂದು ಹೆದರಿ ಕೂತಿರಿ. ಈಗ ಆ ನಗು ಯಾರ ಪಾಲಿಗೆ ಬಂತು? ನಿಮ್ಮ ಪಟ್ಟ ತೆಗೆದು ಅಪ್ಪನ ತಲೆಗೆ ಕಟ್ಟಿದಿರಿ. ನಿಮ್ಮ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ, ನಾನು ವಿಚಾರಿಸಿದೆ.

ಪಾಪಿ ಎಂದು ಸಹಿ ಹಾಕಿದರೆ ತೀರಿತೇ? ಅದು ಬಹಳ ಸುಲಭದ ಕೆಲಸ, ಪಾಪಿ ಎಂದು ಬರೆಯಲು ಮೂರಕ್ಷರವೂ ಬೇಕಾಗಿಲ್ಲ. ಅಪ್ಪನಿಗೆ ನಾನೇ ಹೇಳಬೇಕಂತೆ. ನಾನೇನು ನಿಮ್ಮ ಅಂಚೆಯವಳೇ? ಅಪ್ಪನಿಗೆ ನೀವು ಬರೆಯಿರಿ. ಕಾರ್ಯದರ್ಶಿಗೂ ಬರೆಯಿರಿ. ಜನವರಿ ಎರಡನೇ ಭಾನುವಾರ ಸಭೆಯಿದೆ. ಅದರೊಳಗೆ ಎರಡೂ ಪತ್ರ ಬಂದಿರಬೇಕು.

ನಿನ್ನೆ ಅಪ್ಪ ಕನ್ನಡಕ ಎಲ್ಲಿಟ್ಟೆನೆಂದು ಒಂದು ನಿಮಿಷ ಹುಡುಕಿದರು. ಎಲ್ಲರೂ ಹುಡುಕುತ್ತಾರೆ, ನಾನೂ ಹುಡುಕುತ್ತೇನೆ. ಅವರು ತಟ್ಟನೆ ನನ್ನ ಮುಖ ನೋಡಿ, ‘ಮರೆತಿಲ್ಲಮ್ಮ, ಇಲ್ಲೇ ಇಟ್ಟಿದ್ದೆ’ ಎಂದರು. ನನ್ನ ಮುಂದೆಯೂ ಹೆದರುತ್ತಿದ್ದಾರೆ.

ಇತಿ,
ಹದಿನೇಳರ ಮಗಳು


ಜನವರಿ 4

ಮಗಳೇ,

ಬರೆಯಲು ಕೂತೆ. ಮೂರು ಹಾಳೆ ಹರಿದೆ. ‘ಗೆಳೆಯಾ’ ಎಂದು ಬರೆದ ಮೇಲೆ ಮುಂದಿನ ಸಾಲು ಬರುವುದಿಲ್ಲ.

ನಿಧಾನವಾಗಿ ಯೋಚಿಸಿ ನೋಡು. ಅವನಿಗೆ ಕೂಗಿದವರು ಯಾರೆಂದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಈಗ ಹೇಳಿ ಆ ಜೀವವನ್ನು ಯಾಕೆ ನೋಯಿಸಬೇಕು? ಇರುವ ನಾಲ್ಕು ದಿನ ನೆಮ್ಮದಿಯಿಂದ ಇರಲಿ. ಗುಂಪಿನವರ ಬಾಯಿ ಮುಚ್ಚಿಸುವುದು ಹೇಗೂ ಆಗುವ ಕೆಲಸವಲ್ಲ. ಇಲ್ಲಿ ನನ್ನ ಮಗಳಿಗೆ, ಅಳಿಯನಿಗೆ ತಿಳಿದರೆ ನನ್ನನ್ನು ಹೇಗೆ ನೋಡುತ್ತಾರೋ ಎಂದು ಅನ್ನದ ತುತ್ತು ಇಳಿಯುವುದಿಲ್ಲ. ಮುದುಕನ ಮೇಲೆ ಕರುಣೆ ಇರಲಿ.

ಅವನು ನನ್ನ ಹೆಸರೇನಾದರೂ ಎತ್ತಿದನೇ?

ಸೈರನ್ ಚಿಕ್ಕಪ್ಪ


ಜನವರಿ 8

ಹದಿನೆಂಟನೇ ನಂಬರಿನವರಿಗೆ,

ನಿಮ್ಮ ನಾಲ್ಕನೇ ತಾರೀಖಿನ ಪತ್ರ ನಿನ್ನೆ ಬಂತು. ಸಂಜೆ ನಿಮ್ಮ ಎಲ್ಲ ಪತ್ರಗಳನ್ನೂ, ನನ್ನವುಗಳ ನಕಲನ್ನೂ ಮೇಜಿನ ಮೇಲಿಟ್ಟು ಅಪ್ಪನಿಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. ನಿಮ್ಮ ಮೇಲೆ ಕರುಣೆ ತೋರಿಸಲು ಹೊರಟರೆ ನನಗೆ ಅಪ್ಪನ ಮುಖ ನೋಡಲಾಗುವುದಿಲ್ಲ, ಅದಕ್ಕೆ. ಅಪ್ಪ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಓದಿ ಮುಗಿದ ಮೇಲೆ ಚಹಾ ಕೇಳಿದರು, ಕುಡಿದರು, ‘ಹಾಳೆ ತಗೋ, ನಾನು ಹೇಳ್ತೀನಿ, ಬರಿ’ ಎಂದರು. ಅವರ ಬಲಗೈಯಲ್ಲಿ ಪೆನ್ನು ನಿಲ್ಲುವುದಿಲ್ಲ, ನಿಮಗೆ ಗೊತ್ತಿರಲಿ.

ಭಾನುವಾರ ಹನ್ನೊಂದಕ್ಕೆ ಸಭೆ. ಅಪ್ಪನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಈ ಪತ್ರಗಳನ್ನು ಅಲ್ಲಿ ಓದುತ್ತೇನೆ. ನೀವು ಬಂದರೂ ಓದುತ್ತೇನೆ, ಬಾರದಿದ್ದರೂ ಓದುತ್ತೇನೆ.

ಇನ್ನು ಮುಂದಿನದು ಅಪ್ಪನ ಮಾತು. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ.

‘ನನಗೆ ಗೊತ್ತಿಲ್ಲ ಅಂತ ಬರೆದಿದೀಯಲ್ಲ, ನಿನ್ನ ಕೂಗು ಅರ್ಧ ಮೈಲಿ ಕೇಳತ್ತೆ ಕಣೋ. ಅದಕ್ಕೇ ಅಲ್ವಾ ನಿನಗೆ ಸೈರನ್ ಅಂತ ಹೆಸರಿಟ್ಟಿದ್ದು? ನಾನು ಹುಲ್ಲಲ್ಲಿ ಕೂತಿದ್ದೆ. ಕನ್ನಡಕ ಮೇಜಿನ ಮೇಲೆ ತಡಕಾಡಿದೆ, ಸಿಗಲಿಲ್ಲ, ಹೊಟ್ಟೆ ತಡೀಲಿಲ್ಲ, ಹಾಗೇ ಬಂದಿದ್ದೆ. ಹದಿನೇಳು ಹದಿನೆಂಟು ಅಂತ ಒಂದೇ ಉಸಿರಲ್ಲಿ ಕೂಗಿದ್ದು ಚೆನ್ನಾಗಿ ಕೇಳಿಸ್ತು. ಸದ್ಯ, ಇವನು ಕೂಗಿದಾನೆ, ಇನ್ನು ಅವಸರ ಇಲ್ಲ ಅಂದ್ಕೊಂಡೆ. ನೀನು ಕೂಗದೇ ಇದ್ದಿದ್ರೆ ಪ್ಯಾಂಟು ಕೈಯಲ್ಲಿ ಹಿಡ್ಕೊಂಡಾದ್ರೂ ಓಡಿ ಬರ್ತಿದ್ದೆ. ನೀನು ಕೂಗಿದ್ದಕ್ಕೆ ಕೂತೆ.

‘ಬಸ್ ಹೊರಟ ಸದ್ದೂ ಕೇಳಿಸ್ತು. ಆಗಲೂ ಗಾಬರಿ ಆಗಲಿಲ್ಲ. ಬಸ್ ಹೋದ್ರೆ ಹೋಗ್ಲಿ, ಇವನು ಇಳಿದು ನಿಂತಿರ್ತಾನೆ ಅಂದ್ಕೊಂಡೆ. ಬಂದು ನೋಡಿದೆ. ಮೇಜಿನ ಹತ್ರ ನೀನಿಲ್ಲ. ನಲ್ಲಿ ಹತ್ರ ನೀನಿಲ್ಲ. ಹಾಗಾದ್ರೆ ನನ್ನ ಹುಡುಕ್ಕೊಂಡು ಹುಲ್ಲೊಳಗೆ ಹೋಗಿರ್ಬೇಕು ಅನ್ನಿಸ್ತು. ಕಣ್ಣು ಕಾಣಲ್ಲ ಅಂತ ಗೊತ್ತಲ್ಲ ಇವನಿಗೆ, ಹುಡುಕ್ತಾ ಇರ್ತಾನೆ ಅಂತ. ರಸ್ತೆ ಯಾವ ಕಡೆ ಅಂತ ನನಗೆ ಗೊತ್ತಿತ್ತು ಕಣೋ. ನಿನ್ನ ಜೊತೆ ಕ್ಯಾನು ಹೊತ್ತು ನಡೆದಿರ್ಲಿಲ್ವಾ? ನಾನು ದಾರಿ ತಪ್ಪಲಿಲ್ಲ. ರಸ್ತೆ ಬಿಟ್ಟು ನಿನ್ನ ಹುಡುಕ್ಕೊಂಡು ಹೋದೆ. ಹದಿನೆಂಟು, ಹದಿನೆಂಟು ಅಂತ ಕೂಗ್ತಾ ಹೋದೆ. ಬಿಸಿಲು ನೆತ್ತಿಗೆ ಬಂತು, ದನಿ ಬಿದ್ದುಹೋಯ್ತು, ಆಮೇಲೆ ಕಾಲುವೆಗೆ ಬಿದ್ದೆ.

‘ಬೆಳಿಗ್ಗೆ ಆ ಕಾವಲುಗಾರ್ತಿ ಬಂದು ನೀರು ಕುಡಿಸಿದಳು. ನಾನು ಅವಳಿಗೆ ಇನ್ನೊಬ್ಬ ಇದಾನಮ್ಮ, ನನ್ನ ಜೋಡಿ, ಅವನೂ ಇಲ್ಲೇ ಎಲ್ಲೋ ಬಿದ್ದಿದಾನೆ, ಅವನನ್ನ ಮೊದಲು ನೋಡು ಅಂದೆ. ಆಂಬುಲೆನ್ಸ್‌ನವರಿಗೂ ಅದನ್ನೇ ಹೇಳಿದೆ. ಅದನ್ನೇ ಬಡಬಡಿಸ್ತಿದ್ದ ಅಂತ ಹೇಳ್ತಿರೋದು ನಿಮ್ಮ ಕಾರ್ಯದರ್ಶಿ. ನನ್ನ ಕಳಿಸಿದ ಮೇಲೂ ಅವಳು ಬಿಸಿಲಲ್ಲಿ ಒಬ್ಬಳೇ ನಿನ್ನ ಹುಡುಕಿದ್ಲಂತೆ, ಮಧ್ಯಾಹ್ನದವರೆಗೆ.’

ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿದೆ. ಆ ಮಧ್ಯಾಹ್ನ ಕಾವಲುಗಾರ್ತಿ ನನಗೆ ಫೋನ್ ಮಾಡಿ ಇನ್ನೊಬ್ಬರು ಸಿಗುತ್ತಿಲ್ಲ ಎಂದಾಗ, ‘ಇನ್ನೊಬ್ರು ಯಾರೂ ಇಲ್ಲಮ್ಮ, ಬಿಸಿಲಿಗೆ ಅಪ್ಪನ ತಲೆ ಕೆಟ್ಟಿರಬೇಕು’ ಎಂದವಳು ನಾನೇ. ಅಪ್ಪನಿಗೆ ಆ ಹೆಸರು ಮೊದಲು ಕೊಟ್ಟವಳು ನಾನು. ಅದನ್ನೂ ಸಭೆಯಲ್ಲಿ ಹೇಳುತ್ತೇನೆ. ಅಪ್ಪ ನನ್ನ ಮುಖ ನೋಡಲಿಲ್ಲ, ಬರಿ ಬರಿ ಎಂದು ಎಡಗೈಯಿಂದ ಮೇಜು ತಟ್ಟಿದರು.

‘ಮೂರು ತಿಂಗಳು ನಾನು ಯಾಕೆ ಬಾಯಿ ಬಿಡಲಿಲ್ಲ ಅಂದ್ರೆ, ನೀನೇ ಬಂದು ಹೇಳ್ತೀಯ ಅಂತ ಕಾದೆ. ದಿನಾ ಗೇಟಿನ ಸದ್ದಾದ್ರೆ ನೋಡ್ತಿದ್ದೆ. ನೀನು ನನ್ನ ಮಗಳಿಗೆ ಬರೆದೆ, ದಿಂಬು ಮೆತ್ತಗಿರಲಿ ಅಂತ. ಇನ್ನು ಬರೋದು ಬೇಡ. ಬಂದ್ರೆ ಬಾಗಿಲು ತೆಗೆಯಲ್ಲ. ಅರಳುಮರುಳು ಅಂತ ಊರೆಲ್ಲ ಅಂದ್ರೂ ಸಹಿಸಿದೆ, ನೀನೂ ಅದನ್ನ ಕೇಳಿ ಸುಮ್ನಿದ್ದೆ ನೋಡು, ಅದು ಸಹಿಸೋಕೆ ಆಗಲ್ಲ. ಆ ಹುಲ್ಲಲ್ಲಿ ನಾನೇನು ಹುಚ್ಚನಾಗಿರಲಿಲ್ಲ ಕಣೋ. ನೀನು ಬಂದಿರ್ತೀಯ ಅಂದ್ಕೊಂಡಿದ್ದೆ, ಅಷ್ಟೇ.’

ಹೇಳಿದ್ದು ಅಪ್ಪ,
ಬರೆದದ್ದು ನಾನು